ಅರ್ಧ ಇಂಚು

ಆ ಅರ್ಧ ಇಂಚು ತೆಗೆದವನು ನಾನು.
ಸಾಳ್ವಿ ಅಲ್ಲ. ಅವನು ಬರೀ ಕ್ಲಿಕ್ಕಿಸಿದ,
ಲಾಲ್‌ಬಾಗಿನ ಗಿರಣಿ ಗೇಟಿನೆದುರು ಲಾರಿಯ ಬಾನೆಟ್ಟು ಹತ್ತಿ ನಿಂತು.
ಕೆಳಗೆ ಲಾಠಿ ಆಗಲೇ ಎದ್ದಿತ್ತು.
ರಾತ್ರಿ ಒಂಬತ್ತಕ್ಕೆ ರೋಲು ನನ್ನ ಕೈಗೆ ಬಂತು, ಬೆವರಿಗೆ ಒದ್ದೆಯಾಗಿ.
ಪುಟ ಕಟ್ಟಲು ಮುಕ್ಕಾಲು ಗಂಟೆ ಇತ್ತು.

ಫೋರ್ಟಿನಲ್ಲಿ ಮೆಟ್ಟಿಲ ಕೆಳಗೆ ನನ್ನ ಡಾರ್ಕ್‌ರೂಮು.
ಹೋಟೆಲಿನ ತಟ್ಟೆ ತೊಳೆದು ಬಂದ ಕೈಗೆ
ಹೈಪೋ ತಟ್ಟೆ ಹೊಸತೇನಲ್ಲ.
ಕೆಂಪು ದೀಪದಡಿ ಚಿತ್ರ ಮೆಲ್ಲಗೆ ಎದ್ದು ಬಂತು:
ನಡುವೆ ಒಬ್ಬಳು, ಎತ್ತಿದ ತೋಳು,
ಹಿಂದೆ ಹೊಗೆಯಿಲ್ಲದ ಚಿಮಣಿ, ತೋಳಿನಷ್ಟೇ ನೆಟ್ಟಗೆ,
ಯಾರೋ ದಾರ ಹಿಡಿದು ಅಳೆದು ನಿಲ್ಲಿಸಿದ ಹಾಗೆ.
ಬಲದ ಅಂಚಿನಲ್ಲಿ ಮಾತ್ರ ಒಬ್ಬ ಗಂಡಸು.
ಅರ್ಧ ಮುಖ, ಅಲುಗಿದೆ, ಬಾಯಿ ತೆರೆದಿದೆ.
ಘೋಷಣೆಯೋ ಆಕಳಿಕೆಯೋ ತಿಳಿಯದು.
ಕಣ್ಣು ಸುಮ್ಮನೆ ಅವನ ಕಡೆ ಜಾರುತ್ತಿತ್ತು.
ಪಟ್ಟಿ ಸರಿಸಿದೆ.
ಮಿಕ್ಕಿದ್ದಕ್ಕೆಲ್ಲ ಅಂಗೈ ಅಡ್ಡ ಹಿಡಿದು
ಆಕಾಶಕ್ಕೆ ಆರು ಸೆಕೆಂಡು ಹೆಚ್ಚು ಬೆಳಕು ಕುಡಿಸಿದೆ, ಕಪ್ಪಾಯಿತು.
ಮಾರ್ಚ್ ತಿಂಗಳು ಅದು. ಮೋಡವೇ ಇರಲಿಲ್ಲ.

ಬಹುಮಾನ ಬಂತು. ಕ್ಯಾಲೆಂಡರಿಗೂ ಹೋಯಿತು.
ಈಗ ಕಾಳಾ ಘೋಡಾದ ಗ್ಯಾಲರಿಯಲ್ಲಿ ತೂಗುತ್ತಿದೆ,
ಕೆಳಗೆ ಚೀಟಿ: 'ಶೀರ್ಷಿಕೆ ಇಲ್ಲ'. ಬೆಲೆ ಇದೆ.
'ಆ ಆಕಾಶ ನೋಡಿ' ಅಂದರು ಒಬ್ಬರು.
ನನ್ನದು, ಅಂದುಕೊಂಡೆ. ಸುಳ್ಳೇಕೆ, ಹಿಗ್ಗಿದೆ.

ಆಗ ಬಂದಳು ಸುಲಭಾ ಘಾಡಿಗಾಂವ್ಕರ,
ವಿರಾರ್ ಲೋಕಲಿನಲ್ಲಿ ಕುಪ್ಪಸ ಹರಿದುಕೊಂಡು,
ಪ್ಲಾಸ್ಟಿಕ್ ಚೀಲದಲ್ಲಿ ಅರ್ಜಿ, ರೇಷನ್ ಕಾರ್ಡು.
ಗಿರಣಿ ಕಾರ್ಮಿಕರ ಮನೆಗಳ ಲಾಟರಿಗೆ ಪುರಾವೆ ಬೇಕು.
ಅಪ್ಪ ಭಿಕಾಜಿ, ನೂಲುವ ಖಾತೆ, ಬದಲಿ ಕಾಮಗಾರ.
ಬದಲಿ ಅಂದರೆ: ನಸುಕಿಗೆ ಗೇಟಿನಲ್ಲಿ ನಿಲ್ಲಬೇಕು,
ಯಾರಾದರೂ ಬಾರದಿರಲಿ ಎಂದು ಬೇಡುತ್ತ.
ಪಾಸು ಎರಡು ಸಾವಿರದ ಐದರ ನೆರೆಗೆ ಹೋಯಿತು.
'ಆ ತೋಳೆತ್ತಿದವಳ ಪಕ್ಕದಲ್ಲೇ ಇದ್ದರಂತೆ. ಆಯಿ ಹೇಳುತ್ತಿದ್ದಳು.'
ಅವಳ ಬೆರಳು ಗಾಜಿನ ಮೇಲೆ ಬಲಕ್ಕೆ ಹೋಯಿತು,
ಚೌಕಟ್ಟು ದಾಟಿತು,
ಬಿಳಿ ಗೋಡೆಯ ಮೇಲೆ ನಿಂತಿತು.
'ಇಲ್ಲಿರಬೇಕಿತ್ತು.'

ಸಾಳ್ವಿ ಈಗಿಲ್ಲ. ಅವನ ಟ್ರಂಕು ದಾದರಿನ ಅಳಿಯನ ಅಟ್ಟದಲ್ಲಿ,
ತೆರೆದರೆ ವಿನೆಗರ್ ವಾಸನೆ.
ನಮ್ಮ ಹೈಪೋದಲ್ಲಿ ಕರಗಿದ ಬೆಳ್ಳಿಯನ್ನು ತಿಂಗಳಿಗೊಮ್ಮೆ
ಝವೇರಿ ಬಜಾರಿನವನು ಒಯ್ಯುತ್ತಿದ್ದ.
ಬೆಳಕು ಮುಟ್ಟದ ಬೆಳ್ಳಿ ಮಾತ್ರ ಕರಗುವುದು.
ಅದು ಯಾರ ಕಾಲುಂಗುರವಾಯಿತೋ, ಎಂದೂ ಯೋಚಿಸಿರಲಿಲ್ಲ.
ನೆಗೆಟಿವ್ ಸಿಕ್ಕಿತು. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ:
'ಗೇಟ್ ೨. ಬೆಳಿಗ್ಗೆ ೭.೪೦. ಹೆಸರು ಕೇಳಲು ಹೊತ್ತಿರಲಿಲ್ಲ.'

ಬಾಂದ್ರಾದ ಹುಡುಗಿಯೊಬ್ಬಳು ಶೋಕಿಗೆ ಬಾತ್‌ರೂಮನ್ನೇ ಡಾರ್ಕ್‌ರೂಮು ಮಾಡಿದ್ದಾಳೆ.
ಅಲ್ಲಿ ತೊಳೆದೆ, ಅಂಚಿನಿಂದ ಅಂಚಿಗೆ, ಬಿಳಿಯ ಆಕಾಶವನ್ನೂ ಬಿಳಿಯಾಗೇ ಬಿಟ್ಟು.
ಗ್ಯಾಲರಿಯಾಕೆ ಅಂದರು: 'ತೂಕ ತಪ್ಪಿತಲ್ಲ, ಕಣ್ಣು ಬಲಕ್ಕೆ ಬೀಳುತ್ತೆ.'
ಕಚೇರಿಯ ಗುಮಾಸ್ತ ಅಂದ: 'ಅರ್ಧ ಮುಖ. ಅದೂ ಮಸುಕು.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?'
ಇಬ್ಬರದೂ ಸುಳ್ಳಲ್ಲ.

ಸುಲಭಾ ಮಾತ್ರ ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.
ಆಮೇಲೆ ನಕ್ಕಳು, ಬಾಯಿಗೆ ಸೆರಗು ಒತ್ತಿ.
'ಘೋಷಣೆ ಎಲ್ಲಿಯದು? ಸೀನು ಬಂದಿದೆ ಅಪ್ಪನಿಗೆ.
ಹೀಗೇ, ಮೂಗು ಒಂದು ಕಡೆ ಸೊಟ್ಟ ಮಾಡಿಕೊಂಡು,
ಸಾಯುವ ತನಕ ಸೀನಿದರು.
ಹತ್ತಿ ಧೂಳಿಗೆ ಎಲ್ಲಿಯ ಮುಷ್ಕರ?'

ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದುಕೊಟ್ಟೆ:
ಭಿಕಾಜಿ ಘಾಡಿಗಾಂವ್ಕರ, ಬದಲಿ.
ಗೇಟ್ ೨. ೭.೪೦.
ಸೀನುವ ಮುಂಚೆ.